ಪಕ್ಕದ್ಮನೆ ಅಜ್ಜನ ಜಪಾನಿ ಕೋವಿ, ನಾನು ತಪ್ಪಾಗಿ ಲೆಕ್ಕ ಹಾಕಿದ ಒಂದಕ್ಷರ

ಜಪಾನಿ ಭಾಷೇಲಿ ಒಹಾಯೋ ಅಂದ್ರೆ ಗುಡ್ ಮಾರ್ನಿಂಗ್. ನಗೋಯಾದಲ್ಲಿ ಎರಡೂವರೆ ವರ್ಷ ಕೆಲಸ ಮಾಡಿ ಅಲ್ಲಿಂದ ಸೀದಾ ಅಮೆರಿಕದ ಒಹಾಯೋ ರಾಜ್ಯಕ್ಕೆ ಬಂದು ಬಿದ್ದವನು ನಾನು, ಹಂಗಾಗಿ ಈ ಜೋಕನ್ನ ಎಷ್ಟು ಜನರ ಬಾಯಲ್ಲಿ ಎಷ್ಟು ಸಲ ಕೇಳಿದೀನೋ ಲೆಕ್ಕ ಇಟ್ಟಿಲ್ಲ. ಇಲ್ಲಿ ಮೇರಿಸ್‌ವಿಲ್‌ನಲ್ಲಿ 1982ರಿಂದ ಹೋಂಡಾ ಕಾರು ಫ್ಯಾಕ್ಟರಿ ಇದೆ, ಅದರ ಸುತ್ತಮುತ್ತ ಬಿಡಿಭಾಗ ಮಾಡೋ ಕಂಪನಿಗಳು ಬೇಕಾದಷ್ಟಿವೆ, ನಮ್ಮದೂ ಅಂಥದ್ದೇ ಒಂದು. ಜಪಾನಿಂದ ಬಂದೋನು ಅಂತ ಗೊತ್ತಾದ ದಿನದಿಂದ ನಮ್ಮ ಬೀದಿಯವರ ಲೆಕ್ಕದಲ್ಲಿ ನಾನು ದೊಡ್ಡ ಜಪಾನಿ ಪಂಡಿತ. ನಿಜ ಹೇಳ್ಬೇಕು ಅಂದ್ರೆ ನಂಗೆ ಬರೋದು ಎರಡು ಥರದ ಅಕ್ಷರಮಾಲೆ, ಅದರ ಮೇಲೆ ರೈಲ್ವೆ ಸ್ಟೇಷನ್ ಬೋರ್ಡು, ಊಟದ ಪ್ಯಾಕೆಟ್ಟು ಓದೋವಷ್ಟು ಚೀನಿ ಲಿಪಿ. ಆ ಪ್ಯಾಕೆಟ್ಟಲ್ಲಿ ಮೀನು ಇದೆಯೋ ಇಲ್ವೋ ಅಂತ ಕಂಡುಹಿಡಿಯೋಕೆ ಕಲಿತದ್ದು ಅಷ್ಟೇ.

ಹೋದ ಅಕ್ಟೋಬರಲ್ಲಿ ಒಂದು ಸಂಜೆ ಎಲೆ ಗುಡಿಸ್ತಾ ಇದ್ದೆ, ಪಕ್ಕದ ಮನೆ ಅಜ್ಜ ಬಂದು ಸ್ವಲ್ಪ ಹೊತ್ತು ಹವಾಮಾನ ಮಾತಾಡಿ, ಆಮೇಲೆ ದನಿ ತಗ್ಗಿಸಿ, ನಿಂಗೆ ಜಪಾನಿ ಓದೋಕೆ ಬರುತ್ತಲ್ಲ, ಗರಾಜಿಗೆ ಒಂದ್ನಿಮಿಷ ಬಾ ಅಂದ್ರು. ಯಾವುದೋ ಟೀ ಸೆಟ್ಟೋ ಕತ್ತಿಯೋ ಇರುತ್ತೆ ಅಂದ್ಕೊಂಡು ಹೋದೆ. ಅಲ್ಲಿ ವರ್ಕ್‌ಬೆಂಚಿನ ಮೇಲೆ ಹಳೇ ಟವೆಲ್ ಹಾಸಿ ಅದರ ಮೇಲೆ ಒಂದು ಉದ್ದನೆ ರೈಫಲ್ ಮಲಗಿಸಿದ್ರು. ಅವರ ಅಕ್ಕ ಮನೆ ಖಾಲಿ ಮಾಡುವಾಗ ಬೇಸ್‌ಮೆಂಟಲ್ಲಿ ಬಾಯ್ಲರ್ ಹಿಂದೆ ಸಿಕ್ಕಿದ್ದಂತೆ. ಅಪ್ಪ ಯುದ್ಧದಿಂದ ತಂದದ್ದು, ಜಪಾನಿನದು, ಇಷ್ಟೇ ಅವರಿಗೆ ಗೊತ್ತಿದ್ದದ್ದು. ಜೊತೆಗೊಂದು ಕತೆ. 1945ರಲ್ಲಿ ಒಕಿನಾವಾದ ಕಾಳಗದಲ್ಲಿ ಅಪ್ಪ ಒಬ್ಬ ಜಪಾನಿ ಸೈನಿಕನನ್ನ ಎದುರಾಬದುರಾ ಕೊಂದು ಅವನ ಕೈಯಿಂದ ಕಿತ್ಕೊಂಡ ಕೋವಿ ಇದು ಅಂತ. ಅಪ್ಪ ಯಾವತ್ತೂ ಬಾಯಿಬಿಟ್ಟು ಹೇಳಿದ್ದಲ್ಲ, ಆದ್ರೆ ಮನೇಲಿ ಎಲ್ಲರೂ ಹಂಗೇ ಹೇಳ್ತಾ ಬಂದಿದ್ರು.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಕೋವಿ ನಂಗೆ ಹೊಸದಲ್ಲ, ಅಡಿಕೆ ತೋಟಕ್ಕೆ ಬರೋ ಮಂಗ, ಹಂದಿ ಓಡಿಸೋಕೆ ಮನೇಲೊಂದು ಒಂಟಿ ನಳಿಗೆ ಕೇಪಿನ ಕೋವಿ ಇತ್ತು, ಎಲೆಕ್ಷನ್ ಬಂತು ಅಂದ್ರೆ ಅಪ್ಪಯ್ಯ ಅದನ್ನ ಗೋಣಿಚೀಲದಲ್ಲಿ ಸುತ್ತಿ ಸ್ಟೇಷನ್ನಿಗೆ ಡೆಪಾಸಿಟ್ ಮಾಡಿ ಬರ್ತಿದ್ರು, ರಿಸಲ್ಟ್ ಆದ್ಮೇಲೆ ವಾಪಸ್ ತರೋಕೆ ಇನ್ನೊಂದು ದಿನ ಹಾಳು. ಆದ್ರೆ ಮಿಲಿಟರಿ ರೈಫಲ್ ಅಷ್ಟು ಹತ್ರದಿಂದ ನೋಡಿದ್ದು ಇದೇ ಮೊದಲು. ಮೊದ್ಲು ಕೇಳಿದ್ದು ಒಂದೇ ಪ್ರಶ್ನೆ, ಒಳಗೆ ಗುಂಡು ಇದೆಯಾ? ಅಜ್ಜ ಭುಜ ಹಾರಿಸಿದ್ರು. ಬೋಲ್ಟು (ಗುಂಡು ತುಂಬೋಕೆ ಹಿಂದಕ್ಕೆ ಎಳೆಯೋ ಕಬ್ಬಿಣದ ಅಗುಳಿ) ತುಕ್ಕು ಹಿಡಿದು ಕಚ್ಕೊಂಡಿದೆ, ತೆಗೆಯೋಕೆ ಬರಲ್ಲ, ನಮ್ಮ ಭಾವ ಸುತ್ತಿಗೇಲಿ ಹೊಡೆದು ನೋಡ್ತೀನಿ ಅಂದಿದ್ದ ಅಂದ್ರು. ನನ್ನ ಜೀವ ಬಾಯಿಗೆ ಬಂತು. ನಳಿಗೆ ತುದಿ ಇಟ್ಟಿಗೆ ಗೋಡೆ ಕಡೆ ಇರೋ ಹಂಗೆ ತಿರುಗಿಸಿ, ಟ್ರಿಗರ್ ಹತ್ರ ಕೈ ಹೋಗದಂಗೆ ಇಟ್ಕೊಂಡೇ ಉಳಿದ ಕೆಲಸ ಶುರು ಮಾಡಿದೆ.

ನೋಡಿದ ಕೂಡ್ಲೇ ಕಣ್ಣಿಗೆ ಬಿದ್ದದ್ದು ಹಿಂದಿನ ಮರದ ಬಟ್ಟು, ಭುಜಕ್ಕೆ ಒತ್ತಿ ಹಿಡಿಯೋ ಭಾಗ. ಉದ್ದಕ್ಕೆ ಒಂದು ಗೀಟು, ಕೆಳಗಿನ ತುಂಡು ಬೇರೆ ಮೇಲಿನ ತುಂಡು ಬೇರೆ. ಇದು ಮುರಿದಿತ್ತು ಅನ್ಸುತ್ತೆ, ಅಪ್ಪ ಅಂಟು ಹಾಕಿದಾರೆ ಅಂದ್ರು ಅಜ್ಜ. ಮುರಿದದ್ದಲ್ಲ, ಜಪಾನಿನ ಅರಿಸಾಕಾ ರೈಫಲ್‌ಗಳ ಬಟ್ಟು ಇರೋದೇ ಹಂಗೆ, ಎರಡು ಮರದ ತುಂಡನ್ನ ಬಡಗಿಗಳು ಬಾಗಿಲ ಚೌಕಟ್ಟಿಗೆ ಮಾಡ್ತಾರಲ್ಲ ಆ ಥರ ಕಾಲುವೆ ಕೊರೆದು ಕೂರಿಸಿರ್ತಾರೆ, ಅಗಲದ ಹಲಗೆ ವೇಸ್ಟ್ ಆಗಲ್ಲ, ಗಟ್ಟಿನೂ ಬರುತ್ತೆ. ಇದನ್ನ ನೋಡಿದ್ರೇ ಸಾಕು ಕೋವಿ ಯಾವ ಕುಲದ್ದು ಅಂತ ಅರ್ಧ ಗೊತ್ತಾಗುತ್ತೆ.

ಆಮೇಲೆ ಟೇಪು ಹಿಡಿದು ಅಳೆದ್ವಿ. ಹೆಚ್ಚುಕಮ್ಮಿ 112 ಸೆಂಟಿಮೀಟರ್. ಇದು ಯಾಕೆ ಮುಖ್ಯ ಅಂದ್ರೆ, ಜಪಾನಿ ಸೈನ್ಯದ ರೈಫಲ್ ಅಂತ ಸಿಗೋದ್ರಲ್ಲಿ ಬಹುಪಾಲು ಎರಡೇ ಮಾದರಿ. ಒಂದು 38ನೇ ಮಾದರಿ, 128 ಸೆಂಟಿಮೀಟರ್ ಉದ್ದ, ನಳಿಗೆನೇ 80 ಸೆಂಟಿಮೀಟರ್ ಹತ್ರ, ಗುಂಡು 6.5 ಮಿಲಿಮೀಟರ್. ಅದಕ್ಕೆ ಬಯೊನೆಟ್ ಸಿಕ್ಕಿಸಿ ನೆಟ್ಟಗೆ ನಿಲ್ಲಿಸಿದ್ರೆ 166 ಸೆಂಟಿಮೀಟರ್, ಹಿಡ್ಕೊಂಡ ಸೈನಿಕನಿಗಿಂತ ಕೋವಿನೇ ಎತ್ತರ ಕಾಣೋ ಫೋಟೋಗಳಿವೆ. ಇನ್ನೊಂದು 99ನೇ ಮಾದರಿ, ಅದರಲ್ಲಿ ಹೆಚ್ಚು ತಯಾರಾದ ಗಿಡ್ಡ ಕೋವಿ 112 ಸೆಂಟಿಮೀಟರ್ ಆಸುಪಾಸು, ಗುಂಡು 7.7 ಮಿಲಿಮೀಟರ್. ಹಂಗಾಗಿ ಟೇಪು ಹಿಡಿದ ಕೂಡ್ಲೇ ಒಂದು ಅಂದಾಜು ಬಂತು.

ಅಂದಾಜು ಖಾತ್ರಿ ಮಾಡೋಕೆ ನಳಿಗೆ ಶುರುವಾಗೋ ಕಡೆ ಕಬ್ಬಿಣದ ಮೇಲ್ಭಾಗ ನೋಡ್ಬೇಕು. ಅಲ್ಲಿ ಪೂರ್ತಿ ಕಂದು ತುಕ್ಕು, ಗ್ರೀಸು, ಧೂಳು. ಒರೆಸಿ ಮೊಬೈಲ್ ಟಾರ್ಚನ್ನ ಓರೆಯಾಗಿ ಹಿಡಿದೆ, ನೇರ ಹಿಡಿದ್ರೆ ಏನೂ ಕಾಣಲ್ಲ, ಓರೆ ಹಿಡಿದ್ರೆ ನೆರಳು ಬಿದ್ದು ಗುಳಿ ಎದ್ದು ಕಾಣುತ್ತೆ. ಅದೂ ಸಾಲದೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ, ಚಿಕ್ಕೋರಿದ್ದಾಗ ನೋಟ್‌ಬುಕ್ಕಿನ ಹಿಂದೆ ನಾಣ್ಯ ಇಟ್ಟು ಉಜ್ಜುತಿದ್ವಲ್ಲ ಹಂಗೇ. ಮೂರು ಅಕ್ಷರ ಎದ್ದು ಬಂತು, ನಳಿಗೆ ಮೇಲಕ್ಕೆ ಮಾಡಿ ಹಿಡಿದ್ರೆ ಒಂದರ ಕೆಳಗೊಂದು. ಮೊದಲೆರಡೂ ಒಂದೇ ಅಕ್ಷರ, ಒಂಬತ್ತು ಒಂಬತ್ತು. ನಂಗೆ ಮೊದ್ಲು ಬಾಯಿಗೆ ಬಂದದ್ದು ಕುಕು ಅಂತ, ಯಾಕಂದ್ರೆ ಜಪಾನಿ ಮಕ್ಕಳು ಮಗ್ಗಿಗೆ ಹಂಗೇ ಅನ್ನೋದು, ಇದೇ ಎರಡಕ್ಷರ. ಮಗ್ಗಿ ಅಂತ ಯಾಕೆ ಕೋವಿ ಮೇಲೆ ಬರೀತಾರಪ್ಪ ಅಂತ ಒಂದು ಕ್ಷಣ ಪೆದ್ದನ ಥರ ನಿಂತಿದ್ದೆ, ಆಮೇಲೆ ಮೂರನೇ ಅಕ್ಷರ ನೋಡಿ ಹೊಳೀತು, ಶಿಕಿ, ಅಂದ್ರೆ ಮಾದರಿ. ಕ್ಯೂ ಕ್ಯೂ ಶಿಕಿ. 99ನೇ ಮಾದರಿ.

ಈ ನಂಬರುಗಳ ಲೆಕ್ಕ ಒಂಚೂರು ತಮಾಷೆಯಾಗಿದೆ. 38 ಅಂದ್ರೆ ಮೇಜಿ ಚಕ್ರವರ್ತಿ ಆಳ್ವಿಕೆಯ 38ನೇ ವರ್ಷ, 1905. ಆದ್ರೆ 99 ಅಂದ್ರೆ ಯಾವ ರಾಜನ 99ನೇ ವರ್ಷವೂ ಅಲ್ಲ. ಕ್ರಿ.ಪೂ. 660ರಲ್ಲಿ ಅವರ ಮೊದಲ ಚಕ್ರವರ್ತಿ ಪಟ್ಟಕ್ಕೆ ಬಂದ ಅಂತ ನಂಬಿ ಎಣಿಸೋ ಒಂದು ಶಕೆ ಇತ್ತು, ನಮ್ಮ ಪಂಚಾಂಗದಲ್ಲಿ ಶಾಲಿವಾಹನ ಶಕೆ ಇದ್ದಂಗೆ, ಅದರ ಪ್ರಕಾರ 1939 ಅಂದ್ರೆ 2599, ಕೊನೆಯ ಎರಡಂಕಿ 99. ಮಾರನೇ ವರ್ಷ 2600 ಆಯ್ತಲ್ಲ, ಆ ವರ್ಷದ ಯುದ್ಧವಿಮಾನಕ್ಕೆ ಸೊನ್ನೆ ಅಂತ ಹೆಸರು ಬಿತ್ತು, ಎಲ್ಲರೂ ಕೇಳಿರೋ ಜೀರೋ ವಿಮಾನ ಅದೇ.

ಅರಿಸಾಕಾ ಅನ್ನೋದು ಸೈನ್ಯದ ಅಧಿಕಾರಿಯೊಬ್ಬನ ಹೆಸರು, ಅರಿಸಾಕಾ ನಾರಿಅಕಿರಾ. ಅವನ 30ನೇ ಮಾದರಿ ಹಿಡ್ಕೊಂಡೇ ಜಪಾನಿಗಳು 1904-05ರಲ್ಲಿ ರಷ್ಯಾ ಮೇಲೆ ಯುದ್ಧ ಮಾಡಿದ್ದು, ಮಂಚೂರಿಯಾದ ಧೂಳು ಬೋಲ್ಟಿಗೆ ಹೊಕ್ಕು ಕಾಟ ಕೊಡ್ತು ಅಂತ ನಂಬು ಕಿಜಿರೋ ಅನ್ನೋ ಇನ್ನೊಬ್ಬ ಅಧಿಕಾರಿ ಅದನ್ನ ತಿದ್ದಿ 38 ಮಾಡಿದ, ಬೋಲ್ಟಿನ ಮೇಲೆ ಜಾರೋ ತಗಡಿನ ಮುಚ್ಚಳ ಹಾಕಿದ. ನಡೆಯುವಾಗ ಆ ತಗಡು ಲೊಟಲೊಟ ಸದ್ದು ಮಾಡುತ್ತೆ ಅಂತ ಎಷ್ಟೋ ಸೈನಿಕರು ಕಿತ್ತು ಬಿಸಾಕಿದ್ರು. ಅಜ್ಜನ ಕೋವೀಲೂ ಮುಚ್ಚಳ ಇರ್ಲಿಲ್ಲ, ಅದು ಜಾರೋಕೆ ಎರಡು ಕಡೆ ಕೊರೆದ ಕಾಲುವೆ ಮಾತ್ರ ಇತ್ತು. ಚೀನಾ ಯುದ್ಧದಲ್ಲಿ 6.5ರ ಗುಂಡಿನ ಹೊಡೆತ ಸಾಲದು ಅನ್ನಿಸಿ 7.7ಕ್ಕೆ ಹೋದಾಗ ಬಂದದ್ದು 99. ಗುರಿ ನೋಡೋ ಹಿಂದಿನ ಸೈಟಿನ ಎರಡೂ ಕಡೆ ಮಡಚೋ ರೆಕ್ಕೆ ಥರದ ಪಟ್ಟಿಗಳಿದ್ವು, ಅಜ್ಜನಿಗೆ ಅದೇನು ಅಂತ ಎಪ್ಪತ್ತು ಚಿಲ್ಲರೆ ವರ್ಷದಿಂದ ಗೊತ್ತಿಲ್ಲ. ವಿಮಾನಕ್ಕೆ ಗುರಿ ಇಡೋಕಂತೆ! ಹಾರೋ ವಿಮಾನಕ್ಕೆ ಕೈಕೋವೀಲಿ, ಅದೂ ಒಂದೊಂದು ಈಡಿಗೂ ಬೋಲ್ಟು ಎಳೆದು. ಯಾವ ಪುಣ್ಯಾತ್ಮ ಈ ಐಡಿಯಾ ಕೊಟ್ನೋ.

ಆ ಮೂರಕ್ಷರದ ಮೇಲೆ ಒಂದು ಗುರುತು ಇರ್ಬೇಕು, ಅದೇ ಇಡೀ ಕೋವಿಯ ಜಾತಕ. 16 ದಳದ ಸೇವಂತಿಗೆ ಹೂವು. ಚಕ್ರವರ್ತಿಯ ಲಾಂಛನ, ಈ ಕೋವಿ ಅವನ ಸ್ವತ್ತು ಅಂತ ಅರ್ಥ. ನಮ್ಮಲ್ಲಿ ಆಯುಧ ಪೂಜೆ ದಿನ ಕೋವಿ ತೊಳೆದು ಕುಂಕುಮ ಇಟ್ಟು ಮೇಲೊಂದು ಸೇವಂತಿಗೆ ಇಡ್ತೀವಿ, ಸಂಜೆ ಹೊತ್ತಿಗೆ ಬಾಡುತ್ತೆ, ಅವರು ಕಬ್ಬಿಣದಲ್ಲೇ ಒತ್ತಿಬಿಟ್ಟಿದ್ರು. ಅಜ್ಜನ ಕೋವೀಲಿ ಹೂವಿನ ಜಾಗ ಬೋಳು. ಸುಮ್ನೆ ಬೋಳಲ್ಲ, ಅಡ್ಡಾದಿಡ್ಡಿ ಗೀರು, ಅರದಲ್ಲೋ ಗ್ರೈಂಡರಲ್ಲೋ ಉಜ್ಜಿದ ಚಪ್ಪಟೆ ಕಲೆ, ಟಾರ್ಚ್ ಓರೆ ಮಾಡಿದ್ರೆ ಅಂಚಿನಲ್ಲಿ ನಾಲ್ಕೈದು ದಳದ ತುದಿ ಮಾತ್ರ ಉಗುರಿನ ಗುರುತಿನಷ್ಟು ಉಳ್ಕೊಂಡಿತ್ತು. ಅದನ್ನ ನೋಡಿದ ಕೂಡ್ಲೇ ನಂಗೆ ಏನೋ ಅನುಮಾನ, ಆದ್ರೆ ಬಾಯಿಬಿಡ್ಲಿಲ್ಲ.

ಹೂವು ಇಲ್ಲ ಅಂದ್ರೆ ಎಲ್ಲಾ ಒಂದೇ ಕತೆ ಅಲ್ಲ ಅನ್ನೋದೂ ನೆನಪಿರ್ಲಿ. ಹೂವಿನ ಜಾಗದಲ್ಲಿ ಚಕ್ರ ಇದ್ರೆ ಅದು ಸಯಾಮಿನ ರಾಜನಿಗೆ ಟೋಕಿಯೋದಲ್ಲಿ ಮಾಡಿಕೊಟ್ಟದ್ದು, ನಮ್ಮ ವಿಷ್ಣುವಿನ ಚಕ್ರವೇ. ಹದ್ದು ಇದ್ರೆ ಮೆಕ್ಸಿಕೋ ಆರ್ಡರು. ಹೂವಿನ ಸುತ್ತ ಅಥವಾ ಮೇಲೆ ಸಣ್ಣ ಸಣ್ಣ ಮುದ್ರೆ ಒತ್ತಿ ರದ್ದು ಮಾಡಿದ್ರೆ ಸೈನ್ಯದಿಂದ ಹೊರಗೆ ಶಾಲೆಗೋ ಬೇರೆ ದೇಶಕ್ಕೋ ಹೋದದ್ದು, ಮೊದಲ ಮಹಾಯುದ್ಧದಲ್ಲಿ ರಷ್ಯಾ, ಬ್ರಿಟನ್ ಎರಡೂ ಜಪಾನಿಂದ ಲಕ್ಷಗಟ್ಟಲೆ ರೈಫಲ್ ಕೊಂಡಿದ್ವು. ಹೂವೂ ಇಲ್ಲ ಜಪಾನಿ ಅಕ್ಷರವೂ ಇಲ್ಲ, ಬೋಲ್ಟು ಮಾತ್ರ ಬೇರೆ ಥರ ಇದೆ ಅಂದ್ರೆ ಇಟಲಿಯಲ್ಲಿ ಮಾಡಿಸಿ ತರಿಸಿದ ಐ ಮಾದರಿ ಇರ್ಬಹುದು. ಅಪಾಯದ್ದು ಅಂದ್ರೆ ಶಾಲಾ ಹುಡುಗರ ಡ್ರಿಲ್ಲಿಗೆ ಮಾಡಿದ ಕೋವಿ, ನೋಡೋಕೆ ಥೇಟ್ ಇದೇ ಥರ, ಒಳಗೆ ಮೆದು ಕಬ್ಬಿಣ, ನಳಿಗೇಲಿ ಸುರುಳಿ ಗೀರು ಇಲ್ಲ, ಬರೀ ಸದ್ದಿನ ತೋಟಾಕ್ಕೆ ಅಂತ ಮಾಡಿದ್ದು. ಅದಕ್ಕೆ ನಿಜವಾದ ಗುಂಡು ಹಾಕಿದ ಅಮೆರಿಕದ ಕೆಲವರು ಕೆನ್ನೆ ಕಳ್ಕೊಂಡು, ಜಪಾನಿ ಕೋವಿನೇ ಕಳಪೆ ಅಂತ ಸುದ್ದಿ ಹಬ್ಬಿಸಿದ್ರು. ಅಸಲಿ ಅರಿಸಾಕಾದ ಬೋಲ್ಟು ಆ ಕಾಲದ ಎಲ್ಲಾ ಸೈನ್ಯದ ರೈಫಲ್‌ಗಳಲ್ಲೇ ಗಟ್ಟಿಯಾದದ್ರಲ್ಲಿ ಒಂದು.

ಇನ್ನು ಎಡಗಡೆ ಪಕ್ಕದಲ್ಲಿ ನಂಬರು. ನಂಬರಿನ ಮುಂದೆ ಒಂದು ಸಣ್ಣ ವೃತ್ತ, ಅದರೊಳಗೆ ಒಂದೇ ಅಕ್ಷರ. ಇದು ನಂಗೆ ಚೆನ್ನಾಗಿ ಗೊತ್ತಿರೋ ಅಕ್ಷರಮಾಲೆ, ಕೆ. ಒಂದು ಸರಣೀಲಿ 99,999ರ ತನಕ ನಂಬರು ಹಾಕಿ, ಆಮೇಲೆ ಅಕ್ಷರ ಬದಲಾಯಿಸಿ ಮತ್ತೆ ಮೊದಲಿಂದ ಶುರು ಮಾಡ್ತಾರೆ, ಯಾವ ಅಕ್ಷರ ಎಷ್ಟನೇದು ಅಂತ ಗೊತ್ತಾದ್ರೆ ಯಾವ ಕಾರ್ಖಾನೆ ಅಂತ ಹೇಳ್ಬಹುದು. ಜಪಾನಿ ಅಕ್ಷರದ ಸಾಲು ನಮಗೆ ಬಾಯಿಪಾಠ ಮಾಡೋ ಕೆಲಸನೇ ಇಲ್ಲ, ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತದ ವರ್ಣಮಾಲೆ ಬೌದ್ಧರ ಜೊತೆ ಅಲ್ಲಿಗೆ ಹೋಗಿ ಕೂತದ್ದು ಅದು, ನಗೋಯಾದಲ್ಲಿ ಟೀಚರ್ ಹೇಳಿಕೊಟ್ಟ ಮೊದಲ ದಿನವೇ ನಾನು ಮುಂದಿನ ಸಾಲು ಹೇಳಿ ಅವರನ್ನ ಬೆಚ್ಚಿಬೀಳಿಸಿದ್ದೆ. ಸೋ, ಬೆರಳು ಮಡಚಿ ಎಣಿಸಿದೆ. ಅ ಇ ಉ ಎ ಒ ಐದು, ಕ ಕಿ ಕು ಕೆ, ಒಂಬತ್ತು. ಒಂಬತ್ತನೇ ಸರಣಿ. ಫೋನಲ್ಲಿ ಪಟ್ಟಿ ನೋಡಿದೆ, 99ನೇ ಮಾದರಿಯ ಒಂಬತ್ತನೇ ಸರಣಿ ನಗೋಯಾ ಕಡೇದು. ನಮ್ಮೂರು! ನಾನು ಬಾಡಿಗೆಗಿದ್ದ ಊರು! ಅಜ್ಜನ ಬೆನ್ನು ತಟ್ಟಿ, ಇದು ನನ್ನ ನಗೋಯಾದ್ದು ಅಂತ ಘೋಷಣೆ ಮಾಡಿ, ಅವರು ಕೊಟ್ಟ ಬಿಯರ್ ಕುಡಿದು ಮನೆಗೆ ಬಂದೆ.

ರಾತ್ರಿ ಅಪ್ಪಯ್ಯಂಗೆ ಫೋನ್ ಮಾಡಿದೆ, ಅಲ್ಲಿ ಬೆಳಿಗ್ಗೆ, ಕೊಟ್ಟೆಕಡುಬು ತಿನ್ತಾ ಇದ್ರು ಅನ್ಸುತ್ತೆ.

"ಎಷ್ಟು ನಳಿಗೆದು?"

"ಒಂದೇ ಅಪ್ಪಯ್ಯ. ಮಿಲಿಟರಿದು, ಜಪಾನಿಂದು."

"ಲೈಸೆನ್ಸ್ ಯಾರ ಹೆಸರಲ್ಲುಂಟು ಕೇಳಿದ್ಯಾ?"

"ಇಲ್ಲಿ ಅದಕ್ಕೆಲ್ಲ ಹಂಗೆ ಲೈಸೆನ್ಸ್ ಬೇಡ."

"ಬೇಡ್ವಾ! ಎಂಥ ಊರಾ ಅದು ಮಾರಾಯ. ನೀ ಕೈ ಹಾಕ್ಬೇಡ ಮತ್ತೆ. ಬೇರೆಯೋರ ಕೋವಿ, ಬೇರೆಯೋರ ಜಗಳ, ಎರಡೂ ಮುಟ್ಬಾರ್ದು."

ಫೋನಿಟ್ಟು ಮಲಗೋಕೆ ಹೋದೆ, ನಿದ್ದೆ ಬರ್ಲಿಲ್ಲ. ತಲೇಲಿ ಒಂದು ಕೊರೀತಾ ಇತ್ತು. ನಂಬರಿನ ಕೊನೇಲಿ ಕಾರ್ಖಾನೆ ಗುರುತು ಇರುತ್ತೆ, ಅದರ ಫೋಟೋನೂ ತೆಗೆದಿದ್ದೆ, ಅದು ನಗೋಯಾ ಗುರುತಿನ ಥರ ಇರ್ಲಿಲ್ಲ. ಹಿಗ್ಗಿಸಿ ನೋಡಿದೆ, ಫಿರಂಗಿ ಗುಂಡುಗಳನ್ನ ಒಟ್ಟಿದಂಗೆ ಒಂದರೊಳಗೊಂದು ಹೊಕ್ಕ ಉಂಗುರಗಳು, ಅದು ಕೊಕುರಾ ಶಸ್ತ್ರಾಗಾರದ ಗುರುತು. 1923ರ ಭೂಕಂಪದಲ್ಲಿ ಟೋಕಿಯೋದ ಕೊಯಿಶಿಕಾವಾ ಕಾರ್ಖಾನೆ ಹಾಳಾದ್ಮೇಲೆ ಅಲ್ಲಿನ ಕೆಲಸ, ಗುರುತು ಎರಡನ್ನೂ ದಕ್ಷಿಣದ ಕೊಕುರಾಗೆ ಸಾಗಿಸಿದ್ರು. ನಗೋಯಾ ನಂಬರು, ಕೊಕುರಾ ಗುರುತು, ಇದು ಹೆಂಗಾಗುತ್ತೆ? ರಾತ್ರಿ ಒಂದು ಗಂಟೆಗೆ ಹಾಸಿಗೆ ಮೇಲೆ ಕೂತ್ಕೊಂಡು ನನ್ನ ತಪ್ಪು ಹೊಳೆದಾಗ ನಗು ತಡೆಯೋಕಾಗ್ಲಿಲ್ಲ. ಸೈನ್ಯದವರು ಎಣಿಸಿದ್ದು ನಮ್ಮ ಅ ಆ ಇ ಈ ಕ್ರಮದಲ್ಲಲ್ಲ, ಇರೋಹ ಕ್ರಮದಲ್ಲಿ! ಅಕ್ಷರಮಾಲೆಯ ಪ್ರತಿ ಅಕ್ಷರವೂ ಒಂದೇ ಒಂದು ಸಲ ಬರೋ ಹಂಗೆ ಕಟ್ಟಿದ ಸಾವಿರ ವರ್ಷ ಹಳೇ ಪದ್ಯ ಒಂದಿದೆ, 47 ಅಕ್ಷರ, ಅದರ ಮೊದಲ ಮೂರಕ್ಷರ ಇ, ರೊ, ಹ. ಹಿಂದಿನ ಕಾಲದಲ್ಲಿ ಪಟ್ಟಿ ಮಾಡೋಕೆಲ್ಲ ಅದೇ ಕ್ರಮ. ಹೂವು ಎಷ್ಟು ಘಮಘಮಿಸಿದ್ರೂ ಉದುರಲೇಬೇಕು ಅನ್ನೋ ಅರ್ಥದ ಪದ್ಯದಲ್ಲಿ ರೈಫಲ್ ಎಣಿಸಿದಾರೆ ನೋಡಿ. ಎದ್ದು ಹೋಗಿ ಕಾಗದದ ಮೇಲೆ ಬರ್ಕೊಂಡು ಎಣಿಸಿದೆ. ಕೆ ಬಂದದ್ದು 31ನೇದಾಗಿ.

99ನೇ ಮಾದರಿಯ 30ರಿಂದ 35ರ ತನಕದ ಸರಣಿ ಮಾಡಿದ್ದು ತೋಯೋ ಕೊಗ್ಯೋ ಅನ್ನೋ ಕಂಪನಿ, ಕೊಕುರಾದ ಉಸ್ತುವಾರೀಲಿ, ಊರು ಹಿರೋಶಿಮಾ. ಕಂಪನಿ ಹೆಸರು ಕೇಳಿದ್ರೆ ಯಾರಿಗೂ ಏನೂ ಅನ್ಸಲ್ಲ. 1920ರಲ್ಲಿ ಬಿರಡೆ ಮಾಡೋ ಕಾರ್ಕ್ ಕಂಪನಿಯಾಗಿ ಶುರುವಾಗಿ, 1931ರಿಂದ ಮೂರು ಚಕ್ರದ ಸಾಮಾನು ಗಾಡಿ ಮಾಡಿ, ಯುದ್ಧಕಾಲದಲ್ಲಿ ರೈಫಲ್ ಮಾಡಿ, 1984ರಲ್ಲಿ ಅಧಿಕೃತವಾಗಿ ಹೆಸರು ಬದಲಾಯಿಸ್ಕೊಂಡ ಕಂಪನಿ ಅದು. ಈಗಿನ ಹೆಸರು ಮಜ್ದಾ. ನಮ್ಮ ಕಡೆಯವರಿಗೆ ಮಜ್ದಾ ಅಂದ್ರೆ ಕಾರಲ್ಲ, ಸ್ವರಾಜ್ ಮಜ್ದಾ, ಅಡಿಕೆ ಮೂಟೆ ಹೇರ್ಕೊಂಡು ಶಿವಮೊಗ್ಗ ಮಂಡಿಗೆ ಹೋಗ್ತಿದ್ದ ಮಿನಿ ಲಾರಿ, ಮದುವೆ ದಿಬ್ಬಣದ ವ್ಯಾನು. ನಾನು ಹೈಸ್ಕೂಲಲ್ಲಿದ್ದಾಗ ಅದರ ಹಿಂದಿನ ಬಾಗಿಲ ಮೇಲಿನ ಹೆಸರು ಓದ್ತಾ ಓದ್ತಾ ಘಾಟಿ ಹತ್ತಿಳಿದಿದೀನಿ.

1945ರ ಆಗಸ್ಟ್ 6ರಂದು ಹಿರೋಶಿಮಾ ಮೇಲೆ ಬಾಂಬ್ ಬಿದ್ದಾಗ ಈ ಕಾರ್ಖಾನೆ ಸುಟ್ಟುಹೋಗ್ಲಿಲ್ಲ. ಊರಿನ ನಡುವಿಂದ ಪೂರ್ವಕ್ಕೆ ಐದು ಕಿಲೋಮೀಟರ್ ಹತ್ರ ದೂರ, ನಡುವೆ ಹಿಜಿಯಾಮಾ ಅಂತ ಒಂದು ಸಣ್ಣ ಗುಡ್ಡ, ಅದು ಮರೆಯಾಗಿ ನಿಂತು ಹೊಡೆತ ತಗೊಂಡ್ತು. ಊರಲ್ಲಿದ್ದ ಜಿಲ್ಲಾ ಕಚೇರಿ ನಾಶವಾದದ್ರಿಂದ ಜಿಲ್ಲಾಡಳಿತ ಹಲವು ತಿಂಗಳು ಇದೇ ಕಾರ್ಖಾನೆ ಕಟ್ಟಡದಲ್ಲೇ ನಡೀತು. ಡಿಸೆಂಬರ್ ಹೊತ್ತಿಗೆ ಅಲ್ಲಿ ಮತ್ತೆ ಮೂರು ಚಕ್ರದ ಗಾಡಿ ತಯಾರಾಗೋಕೆ ಶುರು.

ಶನಿವಾರ ಅಜ್ಜನ ಜೊತೆ ಊರಾಚೆಯ ಒಂದು ಬಂದೂಕು ರಿಪೇರಿ ಅಂಗಡಿಗೆ ಹೋದ್ವಿ. ಅಲ್ಲಿ ಕೂತಿದ್ದ ಮನುಷ್ಯ ಕೋವಿ ನೋಡಿದ ಕೂಡ್ಲೇ ಅರಿಸಾಕಾ ಅಂದ, ಬೋಲ್ಟ್ ಕಚ್ಕೊಂಡಿಲ್ಲ ಕಣ್ರೀ ಸೇಫ್ಟಿ ಹಾಕಿದೆ ಅಂದ. ಬೋಲ್ಟಿನ ಹಿಂದುಗಡೆ ಚಕ್ಕುಲಿ ಒರಳಿನ ಮುಚ್ಚಳದಂಗೆ ದುಂಡಗೆ, ಮೇಲೆಲ್ಲ ಗೀರು ಗೀರಾಗಿ ಒಂದು ತಿರುಪು ಇದೆ, ನಾವಿಬ್ರೂ ಅದನ್ನ ಅಲಂಕಾರ ಅಂದ್ಕೊಂಡಿದ್ವಿ. ಎಣ್ಣೆ ಬಿಟ್ಟು ಕಾಲು ಗಂಟೆ ಕಾದು, ನಳಿಗೆಯನ್ನ ಮರಳಿನ ಪೆಟ್ಟಿಗೆ ಕಡೆ ಮಾಡಿ, ಅಂಗೈಯಿಂದ ಆ ತಿರುಪನ್ನ ಒಳಕ್ಕೆ ಒತ್ತಿ ಎಡಕ್ಕೆ ಒಂಚೂರು ತಿರುಗಿಸಿದ. ಟಕ್. ಅಷ್ಟೇ. ಎಪ್ಪತ್ತು ವರ್ಷ ಸುತ್ತಿಗೆ ಕಾಯ್ತಾ ಇದ್ದ ಬೋಲ್ಟು ಬೆಣ್ಣೇಲಿ ಕತ್ತಿ ಎಳೆದಂಗೆ ಹಿಂದಕ್ಕೆ ಬಂತು. ಒಳಗೆ ತೋಟಾ ಇರ್ಲಿಲ್ಲ, ಜೇಡರ ಬಲೆ, ಅದರಲ್ಲೊಂದು ಒಣಗಿದ ಹುಳ. ಆದ್ರೆ ಅವನು ಹೇಳಿದ ಇನ್ನೊಂದು ಮಾತಿಗೆ ಮೈ ಜುಂ ಅಂತು. ಈ ಸೇಫ್ಟಿ ಕೂರೋದು ಕೋವಿ ಹೊಡೆಯೋಕೆ ಬಿಗಿದು ರೆಡಿ ಇದ್ದಾಗ ಮಾತ್ರ, ಅಂದ್ರೆ ಬಾಯ್ಲರ್ ಹಿಂದೆ ಇದು ಅಷ್ಟೂ ವರ್ಷ ಸ್ಪ್ರಿಂಗ್ ಬಿಗಿದೇ ಕೂತಿತ್ತು. ಆ ಭಾವ ಸುತ್ತಿಗೆ ಎತ್ತಿದ್ದಾಗ ಒಳಗೊಂದು ಗುಂಡು ಇದ್ದಿದ್ರೆ ಅಂತ ಯೋಚನೆ ಬಂದು ಅಜ್ಜ ಕುರ್ಚಿ ಹುಡುಕ್ಕೊಂಡು ಕೂತ್ರು.

ಹೊಡೆದು ನೋಡ್ಬಹುದಾ ಅಂತ ಕೇಳಿದ್ದಕ್ಕೆ ಈಗಲೇ ಬೇಡ ಅಂದ. ಯುದ್ಧ ಮುಗಿದ್ಮೇಲೆ ಇಲ್ಲಿ ಜಪಾನಿ ತೋಟಾ ಸಿಗದೆ ಎಷ್ಟೋ ಜನ ಕೋವಿಯ ಒಳಭಾಗ ಕೊರೆಸಿ ಅಮೆರಿಕದ ತೋಟಾ ಹೊಂದಿಸ್ಕೊಂಡಿದಾರೆ, ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ, ಮೊದ್ಲು ಕರಗಿಸಿದ ಲೋಹ ಹುಯ್ದು ಅಚ್ಚು ತೆಗೆದು ಅಳತೆ ನೋಡ್ಬೇಕು ಅಂತ. (ಮುಂದಿನ ವಾರ ಅಚ್ಚು ತೆಗೆದ, ಮೂಲ 7.7 ಹಂಗೇ ಇತ್ತು. ನಳಿಗೆ ಒಳಗೆ ಕ್ರೋಮ್ ಲೇಪ ಇದ್ದದ್ರಿಂದ ತುಕ್ಕೂ ಹೆಚ್ಚು ಹಿಡಿದಿರ್ಲಿಲ್ಲ.)

ಆಮೇಲೆ ಅವನು ಬೋಲ್ಟನ್ನ ಹೊರಗೆ ತೆಗೆದು ಹಿಡಿಯ ಬುಡದಲ್ಲಿದ್ದ ಮೂರು ಅಂಕಿ ತೋರಿಸಿದ. ಕೋವಿ ನಂಬರಿನ ಕೊನೆಯ ಮೂರು ಅಂಕಿ ಬೋಲ್ಟಿನ ಮೇಲೂ ಇರ್ಬೇಕು. ಇದರಲ್ಲಿ 418, ಕೋವೀಲಿ 072. ಬೇರೆ ಯಾವುದೋ ಕೋವಿಯ ಬೋಲ್ಟು. ಅಷ್ಟು ಹೇಳಿ ಅವನು ಹೂವಿನ ಜಾಗದ ಮೇಲೆ ಹೆಬ್ಬೆರಳು ಇಟ್ಟು ಸವರ್ತಾ ಅಜ್ಜನ ಮುಖ ನೋಡಿದ, ಇದರ ಅರ್ಥ ನಿಮಗೆ ಗೊತ್ತಾ ಅಂದ. ನಂಗೆ ಗೊತ್ತಿತ್ತು, ಹೇಳೋ ಧೈರ್ಯ ಇರ್ಲಿಲ್ಲ ಅಷ್ಟೇ. ಕಾಳಗದ ನಡುವೆ ಸಿಕ್ಕ ಕೋವೀಲಿ ಹೂವು ಸಾಮಾನ್ಯವಾಗಿ ಹಂಗೇ ಇರುತ್ತೆ, ಅಲ್ಲಿ ಅದನ್ನ ಉಜ್ಜೋಕೆ ಯಾರಿಗೆ ಪುರುಸೊತ್ತು. ಹೀಗೆ ಹೂವು ಉಜ್ಜಿ ಅಳಿಸಿದ ಕೋವಿಗಳು ಹೆಚ್ಚಾಗಿ 1945ರ ಆಗಸ್ಟಲ್ಲಿ ಜಪಾನ್ ಶರಣಾದ್ಮೇಲೆ ಸೈನ್ಯ ಒಪ್ಪಿಸಿದಂಥವು. ಚಕ್ರವರ್ತಿಯ ಗುರುತು ಶತ್ರು ಕೈಗೆ ಹೋಗ್ಬಾರ್ದು ಅಂತ ಉಜ್ಜಿ ಕೊಟ್ಟಿದ್ದು. ಬೋಲ್ಟು ಕಿತ್ತು ಒಂದು ಕಡೆ ರಾಶಿ, ಕೋವಿ ಇನ್ನೊಂದು ಕಡೆ ರಾಶಿ, ಆಮೇಲೆ ಅಮೆರಿಕದ ಸೈನಿಕರಿಗೆ ನೆನಪಿಗೆ ಒಂದೊಂದು ಒಯ್ಯಿರಿ ಅಂದಾಗ ಸಿಕ್ಕ ಬೋಲ್ಟು ಸಿಕ್ಕ ಕೋವಿಗೆ. ನಂಬರು ಹೊಂದದೆ ಇರೋದು ಅದಕ್ಕೇ.

ಅಜ್ಜ ತುಂಬಾ ಹೊತ್ತು ಮಾತಾಡ್ಲಿಲ್ಲ. ವಾಪಸ್ ಬರುವಾಗ ಕಾರಲ್ಲಿ, ಅಪ್ಪ ಒಂದು ಮಾತು ಹೇಳ್ತಿದ್ರು ಅಂದ್ರು. ಜಪಾನಿನ ಚಳಿಗಾಲ ಒಹಾಯೋ ಥರಾನೇ, ಒಂದು ಶಾಲೇಲಿ ಮಲಗ್ತಿದ್ವಿ, ಕಿಟಕಿ ಗಾಜು ಇರ್ಲಿಲ್ಲ ಅಂತ. ಒಕಿನಾವಾದಲ್ಲಿ ಅಂಥ ಚಳಿ ಎಲ್ಲಿಂದ ಬರ್ಬೇಕು, ಕಾಳಗ ನಡೆದದ್ದೂ ಏಪ್ರಿಲ್‌ನಿಂದ ಜೂನ್ ತನಕ. ಎಪ್ಪತ್ತು ವರ್ಷ ಆ ಮಾತು ಕೇಳಿದೀನಿ, ಒಂದು ದಿನವೂ ಕ್ಯಾಲೆಂಡರ್ ಹಿಡಿದು ನೋಡ್ಲಿಲ್ಲ ಅಂದ್ರು. ಬೇಜಾರಾಯ್ತಾ ಅಂತ ಕೇಳಿದೆ. ಇಲ್ಲ, ಅಕ್ಕ ಈ ಕೋವೀನ ಮೇಲಿನ ಮನೇಲಿ ಇಡೋಕೇ ಬಿಡ್ತಿರ್ಲಿಲ್ಲ, ಸತ್ತವನ ಕೈದು ಅಂತ ಹೆದರ್ತಿದ್ಲು, ಇವತ್ತು ರಾತ್ರಿ ಅವಳಿಗೆ ಫೋನ್ ಮಾಡ್ಬೇಕು ಅಂದ್ರು.

ನಮ್ಮ ಕಡೆಯವರಿಗೂ ಈ ಕೋವಿಗೂ ಒಂದು ನಂಟು ಇದೆ. 1944ರಲ್ಲಿ ಇಂಫಾಲ, ಕೊಹಿಮಾ ತನಕ ಬಂದು ಸೋತು ಹಿಂದೆ ಹೋದ ಜಪಾನಿ ಸೈನ್ಯ ಕಾಡಲ್ಲಿ ಬಿಟ್ಟುಹೋದ ಸಾಮಾನು ಮಣಿಪುರ, ನಾಗಾಲ್ಯಾಂಡ್‌ನ ಊರುಗಳಲ್ಲಿ ಇವತ್ತಿಗೂ ಸಿಗುತ್ತೆ. 1942ರಿಂದ 45ರ ತನಕ ಅಂಡಮಾನ್ ಅವರ ಕೈಲೇ ಇತ್ತು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು 1945ರಲ್ಲಿ ಬರ್ಮಾದ ಅರಾಕಾನಿನ ಕಾಂಗಾವ್‌ನಲ್ಲಿ ಇದೇ ಜಪಾನಿಗಳ ಎದುರು ಬೆಟಾಲಿಯನ್ ನಡೆಸಿದವರು, ಯುದ್ಧ ಮುಗಿದ್ಮೇಲೆ ಭಾರತದ 268ನೇ ಬ್ರಿಗೇಡ್ ಕರ್ಕೊಂಡು ಜಪಾನಿಗೇ ಹೋಗಿದ್ರು. ಅವರು ಸೇರಿದ್ದ ಕಾಮನ್‌ವೆಲ್ತ್ ಸೈನ್ಯದ ಮುಖ್ಯ ಠಾಣೆ ಇದ್ದದ್ದು ಹಿರೋಶಿಮಾ ಪಕ್ಕದ ಕುರೆಯಲ್ಲಿ, ಉಳಿದ ಶಸ್ತ್ರಾಸ್ತ್ರ ಹುಡುಕಿ ನಾಶ ಮಾಡೋದೂ ಅವರ ಕೆಲಸದಲ್ಲಿ ಒಂದು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡೋ ನಾಡಿನ ಮನುಷ್ಯ ಇದ್ದ ಸೈನ್ಯಕ್ಕೆ ಕೋವಿ ಮುರಿಸೋ ಕೆಲಸ. ಅಪ್ಪಯ್ಯಂಗೆ ಇದನ್ನ ಹೇಳಿದಾಗ ಅವರಿಗೆ ತಿಮ್ಮಯ್ಯ ಗೊತ್ತು, ಉಳಿದದ್ದು ಕಿವಿಗೇ ಹೋಗ್ಲಿಲ್ಲ. "ಮಜ್ದಾದವರು ಕೋವಿ ಮಾಡ್ತಿದ್ರಾ?" ಅಂತ ಮೂರು ಸಲ ಕೇಳಿದ್ರು.

ಹೋದ ವಾರ ಅಜ್ಜನ ಗರಾಜಿಗೆ ಹೋಗಿದ್ದೆ. ಕೋವಿ ಈಗ ಗೋಡೆ ಮೇಲಿದೆ, ಬೋಲ್ಟು ಬೇರೆ ಡ್ರಾಯರಲ್ಲಿ. ಟ್ರಿಗರ್ ಹತ್ರ ದಾರ ಕಟ್ಟಿ ಒಂದು ರಟ್ಟಿನ ಚೀಟಿ ತೂಗುಹಾಕಿದಾರೆ, ಅಜ್ಜನ ನಡುಗೋ ಅಕ್ಷರ. ಮಾದರಿ 99, ಸರಣಿ 31, ಹಿರೋಶಿಮಾ. ಅದರ ಕೆಳಗೆ ಒಕಿನಾವಾ ಅಂತ ಬರೆದು ಹೊಡೆದುಹಾಕಿದಾರೆ. ಮೂಲೇಲಿ ನನ್ನನ್ನ ಕೇಳಿ ಬರೆಸ್ಕೊಂಡ ಕೆ ಅಕ್ಷರ, ವೃತ್ತದೊಳಗೆ. ಚೀಟಿ ತಿರುಗಿಸಿ ನೋಡಿದೆ, ಹಿಂದುಗಡೆ ಇನ್ನೊಂದು ಸಾಲಿತ್ತು: ಬೋಲ್ಟು 418, ಬೇರೆಯೋರದ್ದು.